ಕೀಲಿಕೈಯವನ ಮೆಲುದನಿ

"ದ್ರೋಹಿ! ನನ್ನ ಕೋಟೆಯ ಬಾಗಿಲನ್ನು ಶತ್ರುವಿಗೆ ತೆರೆದವನು ನೀನೇ ತಾನೇ?"

ಕೂಗಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ನಿಜವಾಗಿಯೇ ತುಂಬಿತ್ತು.

ಎದುರಿನ ಮೈಕಿನ ಮುಂದೆ ನಿಂತಿದ್ದವನು ತಲೆ ತಗ್ಗಿಸಲಿಲ್ಲ. ಪಿಸುಮಾತಿಗಿಂತ ತುಸುವೇ ಜೋರಾಗಿ, "ಹೌದು ಮಹಾರಾಣಿ, ನಾನೇ" ಎಂದ.

ಅಷ್ಟೇ. ಅಳುಕಿಲ್ಲ, ಅಬ್ಬರವಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು... ಎಂಥ ಸೊಕ್ಕು ಇವನಿಗೆ!

ಅದೊಂದು ವಿಡಿಯೋ ಗೇಮ್. ಮಂತ್ರವಾದಿಗಳು, ಹಾರುವ ಹಾವುಗಳು, ಮುತ್ತಿಗೆಗೆ ಸಿಕ್ಕ ಒಂದು ಕೋಟೆ. ಅದರ ರಾಣಿಗೆ ದನಿ ಕೊಡುತ್ತಿದ್ದ ಅವಳನ್ನು ಸ್ಟುಡಿಯೋದಲ್ಲಿ ಎಲ್ಲರೂ ಮಹಾರಾಣಿ ಎಂದೇ ಕರೆಯುತ್ತಿದ್ದರು. ಅವಳಿಗೂ ಅದು ಹಿತವಾಗಿಯೇ ಇತ್ತೆನ್ನಿ.

ಕೋಟೆಯ ಕೀಲಿಕೈ ಕಾಯುವವನಿಗೆ ದನಿ ಕೊಡುತ್ತಿದ್ದವನ ಅಡ್ಡಹೆಸರು ಕುದುರೆ. ವರ್ಷಗಟ್ಟಲೆ ಅವನು ಗೇಮ್‌ಗಳಲ್ಲಿ ಕೆನೆದಿದ್ದ, ಸಾಯುವ ಸೈನಿಕರಿಗಾಗಿ ನರಳಿದ್ದ. ಮಾತಾಡುವ ಮನುಷ್ಯನ ಪಾತ್ರ ಸಿಕ್ಕಿದ್ದು ಇದೇ ಮೊದಲು.

ಈ ಕೆಲಸದ ರೀತಿಯೇ ವಿಚಿತ್ರ. ಯಾರ ಮಾತು ಎಷ್ಟೋ ಅಷ್ಟನ್ನೇ ಅವರಿಗೆ ಕೊಡುತ್ತಾರೆ. ಒಬ್ಬೊಬ್ಬರಾಗಿ ಬಂದು, ಮಿಕ್ಕ ಕತೆ ಏನೆಂದು ತಿಳಿಯದೆ, ತಮ್ಮ ಪಾಲಿನದನ್ನು ಹೇಳಿ ಹೋಗುತ್ತಾರೆ. ಅಂದು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದ್ದೇ ಅಪರೂಪ.

ಊಟದ ಹೊತ್ತಿಗೆ ನಿರ್ದೇಶಕಿ ಹೇಗನ್ನಿಸಿತೆಂದು ಕೇಳಿದಾಗ ಅವಳು ಬಾಯಿ ಬಿಟ್ಟೇಬಿಟ್ಟಳು. "ದ್ರೋಹಿ ಅಂದ್ಮೇಲೆ ದನಿಯಲ್ಲಿ ಸ್ವಲ್ಪ ವಿಷ ಬೇಡ್ವಾ ಮೇಡಂ? ಇವರು ಜೋಗುಳ ಹಾಡೋ ಹಾಗೆ ಮಾತಾಡ್ತಾರೆ."

ನಿರ್ದೇಶಕಿಗೂ ಒಳಗೊಳಗೇ ಅದೇ ಅನುಮಾನವಿತ್ತು; ತುಣುಕುತುಣುಕಾಗಿ ಮುದ್ರಿಸಿದ್ದನ್ನು ಅವರೂ ಒಟ್ಟಾಗಿ ಕೇಳಿರಲಿಲ್ಲ. ಪರೀಕ್ಷೆಗೆಂದು ಗೇಮ್ ಆಡಿದವರೆಲ್ಲ ಕೀಲಿಕೈಯವನನ್ನು ಕಂಡಕೂಡಲೇ ಕಡಿದು ಮುಂದೆ ಹೋಗುತ್ತಿದ್ದರು. ಹೇಗೂ ಸಾಯುವವನು, ಗರ್ಜಿಸಿಯೇ ಸಾಯಲಿ ಎಂದು ಕುದುರೆಗೆ ಹೇಳಿ ಕಳಿಸಿದರು.

ಅವನು ಒಪ್ಪಲಿಲ್ಲ. ಗರ್ಜಿಸಿದರೆ ಕೀಲಿಕೈಯವನು ಅವನಾಗಿ ಉಳಿಯುವುದಿಲ್ಲ, ಬೇರೆಯವರ ಕೈಲಿ ಮಾಡಿಸಿ, ನಾನು ಕುದುರೆಯಾಗಿಯೇ ಇರುತ್ತೇನೆ ಎಂದು ಹೊರಟುಬಿಟ್ಟ. ಮೆಟ್ಟಿಲ ಬಳಿ ಅವಳು ಎದುರಾದಾಗ ಒಂದೇ ಮಾತು ಆಡಿದ.

"ನನ್ನ ದನಿ ಹಿಡಿಸ್ಲಿಲ್ಲ ಅಂತ ನನಗೇ ಹೇಳಬಹುದಿತ್ತು."

ಮಹಾರಾಣಿ ಮುಖ ತಿರುಗಿಸಿ ಮೆಟ್ಟಿಲೇರಿದಳು. ಚುಚ್ಚಿದ್ದು ಪಾಪಪ್ರಜ್ಞೆ, ಅವಳು ಮಾತ್ರ ಅದನ್ನು ಕೋಪವೆಂದೇ ನಂಬಿಕೊಂಡಳು.

ಭಾನುವಾರ ಮಧ್ಯಾಹ್ನ ಮನೆಗೆ ಬಂದ ಅಕ್ಕ, ತಂಗಿಯ ದನಿ ಕೇಳಲೇಬೇಕೆಂದು ಹಟ ಹಿಡಿದಳು. ಪರೀಕ್ಷೆಗೆಂದು ಕೊಟ್ಟಿದ್ದ ಗೇಮನ್ನೇ ತಂಗಿ ಹಾಕಿಕೊಟ್ಟಳು. ಹುಟ್ಟಿದಾಗಿನಿಂದ ಗೇಮ್ ಮುಟ್ಟದ ಅಕ್ಕ, ಪಾಪ, ರಾಣಿಯನ್ನು ಸಿಕ್ಕಸಿಕ್ಕ ಗೋಡೆಗೆಲ್ಲ ಡಿಕ್ಕಿ ಹೊಡೆಸಿ, ಅಂತೂ ಇಂತೂ ಕೋಟೆಬಾಗಿಲಿಗೆ ತಂದು ನಿಲ್ಲಿಸಿದಳು. ಪರದೆಯಲ್ಲಿ ರಾಣಿ ಕತ್ತಿ ಎತ್ತಿದಳು. ಒತ್ತಬೇಕಾದ ಬಟನ್ ಮಿನುಗಿತು.

"ಒತ್ತು ಅಕ್ಕ, ಕಡಿ ಅವನನ್ನ" ಎಂದಳು ತಂಗಿ.

ಅಷ್ಟರಲ್ಲಿ ಫೋನ್ ಬಂತು. ಅಕ್ಕನ ಅತ್ತೆ! ಆ ಫೋನ್ ಬೇಗ ಮುಗಿಯುವಂಥದ್ದಲ್ಲ. ಅಕ್ಕ ಗೇಮ್ ಆಡಿಸುವ ಕಂಟ್ರೋಲರನ್ನು ಮಡಿಲಿಗೆ ಹಾಕಿಕೊಂಡು ಹೂಂಗುಟ್ಟತೊಡಗಿದಳು. ರಾಣಿಯ ಕತ್ತಿ ಎತ್ತಿದ ಹಾಗೆಯೇ ನಿಂತಿತು.

ಕೀಲಿಕೈಯವನು ಕಾದ. ಆಮೇಲೆ, ಕಡಿಯುವ ಅವಸರದಲ್ಲಿ ಯಾರೂ ಕೇಳಿಸಿಕೊಳ್ಳದಿದ್ದ ಮಾತನ್ನು ಆಡತೊಡಗಿದ.

"ಮುಂಬಾಗಿಲು ಕೊಟ್ಟೆ, ಮಹಾರಾಣಿ. ಅವರು ಆ ಕಡೆ ನುಗ್ಗುವಷ್ಟರಲ್ಲಿ ಊರವರೆಲ್ಲ ಹಿಂಬಾಗಿಲಿನಿಂದ ಹೊಳೆ ದಾಟಿದರು. ಮುಂಬಾಗಿಲಲ್ಲಿ ನನ್ನ ತಮ್ಮ ಕಾವಲಿದ್ದ. ಅವನಿಗೆ ಹೇಳಲಿಲ್ಲ... ಹೇಳಿದ್ದರೆ ತೆರೆಯಲು ಬಿಡುತ್ತಿರಲಿಲ್ಲ. ನನಗೆ ಕ್ಷಮೆ ಬೇಡ. ಮಕ್ಕಳು ಬದುಕಿದ್ದಾರೆ, ಅಷ್ಟು ತಿಳಿದಿರಲಿ."

ಅದೇ ಮೆಲುದನಿ.

ಅವಳು ಕೂತಲ್ಲೇ ಕೂತಳು. ಒಡಹುಟ್ಟಿದವನನ್ನು ಸಾವಿಗೆ ಒಪ್ಪಿಸಿದವನು ಗರ್ಜಿಸುವುದಾದರೂ ಹೇಗೆ? ದನಿ ಕೊಟ್ಟವನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಪಾತ್ರ ಬಿಟ್ಟ, ದನಿ ಬದಲಿಸಲಿಲ್ಲ.

ಅಕ್ಕ ಫೋನನ್ನು ಕಿವಿಯಿಂದ ಇಳಿಸಿದ್ದಳು. "ಇವನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗ್ತಿಲ್ಲ ಕಣೇ. ಆದ್ರೆ ಯಾರದು ಈ ದನಿ?"

"ನಮ್ಮವರು" ಎಂದಳು ಅವಳು. ಹೇಳುವಾಗ ಎದೆ ಉಬ್ಬಿತು. ಅವನು ತನಗೆ ಏನೂ ಆಗಬೇಕಿಲ್ಲ ಎಂಬುದೇ ಮರೆತುಹೋಗಿತ್ತು.

ಸೋಮವಾರ ಸ್ಟುಡಿಯೋಗೆ ಹೋದರೆ, ಗಡಸು ದನಿಯ ಹಿರಿಯ ಕಲಾವಿದರೊಬ್ಬರು ಆಗಲೇ ಮೈಕಿನ ಮುಂದೆ ನಿಂತಿದ್ದಾರೆ! ಅವಳು ಓಡಿ ಹೋಗಿ ನಿಲ್ಲಿಸಿದಳು. ಬಟನ್ ಒತ್ತದೆ ಆ ದೃಶ್ಯವನ್ನು ಪೂರ್ತಿ ಹಾಕಿಸಿದಳು. ಮುಗಿದ ಮೇಲೆ ನಿರ್ದೇಶಕಿಯ ಕಡೆ ತಿರುಗಿದಳು.

"ತಪ್ಪು ನಂದು ಮೇಡಂ. ಪೂರ್ತಿ ಕೇಳದೆ ಕತ್ತಿ ಎತ್ತಿದೆ. ಈ ದನಿ ತೆಗೆಯೋದಾದ್ರೆ ರಾಣಿಗೂ ಬೇರೆಯವರನ್ನ ನೋಡ್ಕೊಳ್ಳಿ."

ಅದು ಬೆದರಿಕೆಯಲ್ಲ, ಹೆಮ್ಮೆ. ಹಿರಿಯ ಕಲಾವಿದರು ಹೆಡ್‌ಫೋನ್ ತೆಗೆದಿಟ್ಟು, ಇದನ್ನು ತಾವು ಮಾಡುವುದಿಲ್ಲ, ಅವನನ್ನೇ ಕರೆಯಿರಿ ಎಂದರು. ನಿರ್ದೇಶಕಿ ಕಣ್ಣೊರೆಸಿಕೊಂಡು ಗೇಮ್ ಮಾಡುವವರಿಗೆ ಫೋನ್ ಹಚ್ಚಿದರು. ಕೀಲಿಕೈಯವನ ಮಾತು ಮುಗಿಯುವ ತನಕ ಕತ್ತಿಯ ಬಟನ್ ಕಾಣಿಸಲೇಕೂಡದು ಎಂದು ಅಪ್ಪಣೆಯಾಯಿತು.

ಅವನು ಪಕ್ಕದ ಕೋಣೆಯಲ್ಲಿ ಕೆನೆಯುತ್ತಿದ್ದ. ಅವಳು ಬಾಗಿಲು ತೆರೆದಾಗ ಕೆನೆತ ಅರ್ಧಕ್ಕೇ ನಿಂತಿತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, ಕ್ಷಮೆಯನ್ನೂ ಕೇಳಿದಳು.

ಅವನು ಹೆಡ್‌ಫೋನ್ ತೆಗೆದು ಕೆಳಗಿಟ್ಟ. ಆಮೇಲೆ, "ಗೇಮಲ್ಲಿ ನಿಮ್ಮ ಕುದುರೆಗೂ ನಂದೇ ದನಿ. ಮೊದಲ ದಿನದಿಂದ ಹೆಡ್‌ಫೋನಲ್ಲಿ ನಿಮ್ಮ ಮಾತು ಕೇಳ್ಕೊಂಡೇ ಕೆನೀತಿದ್ದೆ. ಅದಕ್ಕೇ ನೀವು ಬೇಡ ಅಂದಿದ್ದು ಅಷ್ಟು ನೋವಾಯ್ತು" ಎಂದ.

ಅವಳ ಕೆನ್ನೆ ಕೆಂಪಾಯಿತು. "ಈಗ ಬೇಕು ಅಂತಿದ್ದೀನಿ... ದನಿ ಮಾತ್ರ ಅಲ್ಲ."

ಅವನು ನಕ್ಕ. "ಎಲ್ಲರ ಮುಂದೆ ತಪ್ಪು ಒಪ್ಕೊಂಡ್ರಲ್ಲ, ಕಿರೀಟ ಬೀಳ್ಲಿಲ್ವಾ ಮಹಾರಾಣಿ?"

"ಬೀಳ್ಲಿ. ಎತ್ತಿಕೊಡೋಕೆ ನೀವಿದ್ದೀರಲ್ಲ."

"ನಾನು ಜೀವನಪೂರ್ತಿ ಹೀಗೇ ಮೆತ್ತಗೆ ಮಾತಾಡೋನು. ಪರವಾಗಿಲ್ವಾ?"

ಅವಳು ಅವನ ಕೈ ಹಿಡಿದುಕೊಂಡಳು.

"ಮಾತಾಡಿ. ಪೂರ್ತಿ ಕೇಳ್ತೀನಿ."