ಬೈಸಿಕೊಳ್ಳುವ ಕೆಲಸ

ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಆ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಅಂಥವಳನ್ನೇ ಹುಡುಕಿ ಗಿರಾಕಿಗಳ ಮುಂದೆ ನಿಲ್ಲಿಸಿದ ಮಾಲೀಕನ ಬುದ್ಧಿಗೆ ಏನನ್ನಬೇಕೋ. ಒಂದು ಫ್ರೇಮ್ ಕೊಂಡ ಮಾತ್ರಕ್ಕೆ ಅಂಗಡಿಯನ್ನೇ ಕೊಂಡೆವು ಅಂದುಕೊಳ್ಳುವ ಮಂದಿ ಬಂದು ಕೂಗಾಡುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಸಾರಿ ಕೇಳುತ್ತಿದ್ದಳು. ಮನೆಯಲ್ಲಿ ಅಮ್ಮ ಇದ್ದಳು, ಓದುವ ತಂಗಿ ಇದ್ದಳು. ಅವಳ ಸಂಬಳ ಬಿಟ್ಟರೆ ಅವರಿಗೆ ಬೇರೆ ದಿಕ್ಕಿರಲಿಲ್ಲ.

ಗಾಜಿನ ಬಾಗಿಲಿನ ಹಿಂದಿನ ಒಳಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವನೊಬ್ಬನಿದ್ದ. ಮಾತಿನಲ್ಲಿ ಮಹಾ ಜಿಪುಣ. ಒಂದು ದಿನ ಅವಳು ಗಿರಾಕಿಯ ಕೈಲಿ ಬೈಸಿಕೊಂಡು ಕಣ್ಣೊರೆಸಿಕೊಳ್ಳುವುದನ್ನು ಕಂಡು ಅವನಾಗಿಯೇ ಬಂದು ಉಪಾಯ ಹೇಳಿಕೊಟ್ಟ.

"ಯಾರಾದ್ರೂ ಕೂಗಾಡಿದ್ರೆ ನನ್ನನ್ನ ಕರೀರಿ. ಅವರೆದುರಿಗೇ ನನಗೆ ಚೆನ್ನಾಗಿ ಬಯ್ಯಿರಿ. ಅವರ ಹೊಟ್ಟೆ ತಣ್ಣಗಾಗುತ್ತೆ."

ಉಪಾಯ ಫಲಿಸಿತು. ತಪ್ಪು ಯಾರದೇ ಇರಲಿ, ಅವಳು ಅವನನ್ನು ಹೊರಗೆ ಕರೆದು, ಕಣ್ಣಿದ್ದೂ ಕುರುಡ, ಕೂಳಿಗೆ ದಂಡ ಎಂದೆಲ್ಲ ಝಾಡಿಸುತ್ತಿದ್ದಳು. ಅವನು ಕೈಗೆ ಹತ್ತಿದ ಗಾಜಿನ ಪುಡಿ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಲ್ಲುತ್ತಿದ್ದ. ನಡುವೆ ಒಮ್ಮೆ, ಗಿರಾಕಿಗೆ ಕಾಣದ ಹಾಗೆ, ಹುಬ್ಬಿನಡಿಯಿಂದ ಅವಳನ್ನು ನೋಡುತ್ತಿದ್ದ. ಆ ಕಣ್ಣಿನ ತುಂಟತನಕ್ಕೆ ಅವಳಿಗೆ ನಗು ಉಕ್ಕಿ, ಅದನ್ನು ಅದುಮಲು ದನಿ ಇನ್ನೂ ಏರಿಸುತ್ತಿದ್ದಳು. ಕೊನೆಗೆ ಗಿರಾಕಿಯೇ ಕರಗಿ, ಹೋಗಲಿ ಬಿಡಮ್ಮ ಪಾಪ ಎಂದು ಹೊರಡುತ್ತಿದ್ದ. ಇವತ್ತಿನ ಬೈಗುಳಕ್ಕೆ ಖಾರ ಸಾಲದು ಎಂದು ಅವನು ಆಮೇಲೆ ಚುಡಾಯಿಸುವುದು ಬೇರೆ. ಅವಳು ನಗುತ್ತಿದ್ದಳು, ಆದರೆ ಒಳಗೊಳಗೇ ಸಿಟ್ಟಾಗುತ್ತಿತ್ತು. ಬೈಸಿಕೊಳ್ಳಬೇಕಾದವರು ಎದೆಯುಬ್ಬಿಸಿ ಹೋಗುತ್ತಿದ್ದರು, ಬೈಸಿಕೊಳ್ಳುತ್ತಿದ್ದವನು ಅವಳಿಗೆ ದಿನದಿನಕ್ಕೆ ಹತ್ತಿರದವನಾಗುತ್ತಿದ್ದ.

ಇಬ್ಬರೂ ಒಂದನ್ನು ಮರೆತಿದ್ದರು. ಮಹಡಿಯ ಕ್ಯಾಬಿನ್ನಿನಲ್ಲಿ ಕೂತ ಮಾಲೀಕನಿಗೂ ಕಿವಿ ಇತ್ತು. ಇದು ನಾಟಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ದಿನ ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯ ಬಂದು ಸೊಟ್ಟಗಾದ ಕನ್ನಡಕವನ್ನು ಕೌಂಟರಿನ ಮೇಲೆ ಎಸೆದ. ಅದರ ಮೇಲೆ ಯಾರೋ ಕೂತಿದ್ದಾರೆಂದು ಹಸುಗೂಸಿಗೂ ತಿಳಿಯುವಂತಿತ್ತು. ಇಂಥ ಕಸ ಮಾರುತ್ತೀರಾ, ನಿಮ್ಮಪ್ಪನ ಮನೆ ಅಂಗಡಿಯಾ ಎಂದು ಅವನು ಅರಚಿದ. ಅವಳು ಒಳಗಿನವನನ್ನು ಕರೆದಳು, ಬೈದಳು. ಕೋಟಿನವನ ಹೊಟ್ಟೆ ತಣ್ಣಗಾಗಲಿಲ್ಲ. ಇವನನ್ನು ಕೆಲಸದಿಂದ ತೆಗೆಯುವವರೆಗೆ ಕದಲುವುದಿಲ್ಲ ಎಂದು ಪಟ್ಟು ಹಿಡಿದ.

ಮಾಲೀಕ ಮೆಟ್ಟಿಲಿಳಿದು ಬಂದ. "ನನಗೂ ಕೇಳಿ ಕೇಳಿ ಸಾಕಾಗಿದೆ. ದಿನಾ ಇವನದೇ ತಪ್ಪು. ನಾಳೆಯಿಂದ ಬರಬೇಡಪ್ಪ."

ಅವಳು ಅವನ ಮುಖ ನೋಡಿದಳು. ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ನಿಜ ಹೇಳಿದರೆ ಗಿರಾಕಿಗಳಿಗೆ ಸುಳ್ಳು ಹೇಳಿದವಳು ತಾನೆಂದಾಗುತ್ತದೆ, ಅದಕ್ಕೇ ಈ ಮೌನ ಎಂದು ಅವಳಿಗೆ ತಕ್ಷಣ ಹೊಳೆಯಿತು. ಅದು ಹೊಳೆದದ್ದೇ ತಡ, ಮೈಯೆಲ್ಲ ಬೆಂಕಿಯಾಯಿತು. ಮಾಲೀಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಇವನ ಕೈಯಲ್ಲಿ ಒಂದು ತಪ್ಪೂ ಆಗಿಲ್ಲ, ಬೈದದ್ದೆಲ್ಲ ಸುಳ್ಳು, ಈ ಕನ್ನಡಕದ ಮೇಲೆ ಕೂತವರು ಈ ಸಾಹೇಬರೇ ಎಂದಳು.

ಕೋಟಿನವನು ಕಣ್ಣು ಕೆಂಪಗೆ ಮಾಡಿದ. "ಇವನ ಪರವಾಗಿ ಇಷ್ಟು ಹಾರಾಡ್ತೀಯಲ್ಲ, ಇವನು ನಿನಗೆ ಏನಾಗಬೇಕು?"

"ನಾನು ಮದುವೆ ಆಗೋ ಹುಡುಗ."

ಸಾಹೇಬರ ಕ್ಷಮೆ ಕೇಳು, ಇಲ್ಲವಾದರೆ ನೀನೂ ಹೊರಡು ಎಂದ ಮಾಲೀಕ. ಕ್ಷಮೆ ಕೇಳಬೇಕಾದದ್ದು ಇವನೊಬ್ಬನಲ್ಲಿ, ಅದನ್ನು ಹೊರಗೆ ಹೋಗಿ ಕೇಳುತ್ತೇನೆ ಎಂದು ಅವಳು ಬ್ಯಾಗು ಎತ್ತಿಕೊಂಡಳು.

ಬೀದಿಗೆ ಬಂದ ಮೇಲೆ ಅವಳಿಗೆ ಮನೆಯ ನೆನಪಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ಹೇಳುತ್ತಿದ್ದಳು. ಶಾಂತವಾಗುವುದಂತೂ ದೂರದ ಮಾತಾಗಿತ್ತು. ಕ್ಷಮೆ ಕೇಳಲು ಬಾಯಿ ತೆರೆದವಳು ಅವನ ಮೇಲೆಯೇ ಹರಿಹಾಯ್ದಳು.

"ಒಂದು ಮಾತು ಆಡಬಾರದಿತ್ತಾ ನೀನು?"

"ಆಡಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಈಗ ಉಳೀತಾ?"

ಅವನು ಬೆರಳಿಗಂಟಿದ ಗಾಜಿನ ಪುಡಿ ಒರೆಸಿಕೊಂಡ. ಆಮೇಲೆ ಹೇಳಿದ, "ಆ ಉಪಾಯ ಬರೀ ನಿಮಗೋಸ್ಕರ ಅಲ್ಲ. ಬೇರೆ ಯಾವ ನೆಪಕ್ಕೂ ನೀವು ನನ್ನನ್ನ ಕರೀತಿರಲಿಲ್ಲ. ಅಂಥ ಗಿರಾಕಿಗಳು ಯಾವಾಗ ಬರ್ತಾರೋ ಅಂತ ಕಾಯ್ತಿದ್ದೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಯಾರ ಮುಖ ಕಾಣದಿರಲಿ ಎಂದು ಬೆಳಗಾದರೆ ಬೇಡಿಕೊಳ್ಳುತ್ತಿದ್ದಳೋ ಅವರ ದಾರಿಯನ್ನೇ ಈ ಪುಣ್ಯಾತ್ಮ ಕಾಯುತ್ತಿದ್ದನಂತೆ. ಬೈಯಲು ಹೋದವಳಿಗೆ ಕಣ್ಣಲ್ಲಿ ನೀರು ಬಂತು.

ಮದುವೆಯ ಮಾತು ಸಿಟ್ಟಿನಲ್ಲಿ ಬಾಯಿಗೆ ಬಂದದ್ದಿರಬೇಕು, ತಾನದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ಅವನು ಮೆಲ್ಲಗೆ ಅಂದ.

"ಅದೊಂದು ಮಾತು ಸಿಟ್ಟಿನಲ್ಲಿ ಬಂದದ್ದಲ್ಲ," ಎಂದಳು ಅವಳು ಕೆನ್ನೆ ಒರೆಸಿಕೊಳ್ಳುತ್ತ. "ಅದನ್ನ ಹೇಳೋ ಧೈರ್ಯ ಇಲ್ಲದೆ ದಿನಾ ಅಷ್ಟು ಜೋರಾಗಿ ಬೈತಿದ್ದೆ. ಈಗ ಹೂಂ ಅಂತೀಯೋ ಇಲ್ವೋ?"

"ಹೂಂ," ಎಂದ ಅವನು. "ಆಮೇಲೆ ಬೇಕಾದಷ್ಟು ಬಯ್ಯಿರಿ."