ಮುಳುಗಿದ ವಿಮಾನದ ತಲೆಬುರುಡೆ

1996ರ ಜೂನ್ 11, ಬೆಳಿಗ್ಗೆ ಏಳೂವರೆಗೆ ಕಡಲ ನಡುವಿನ ದ್ವೀಪದ ಮುಂಡಾ ಠಾಣೆಗೆ ದೂರು ಬಂತು. ದೂರುದಾರಳು ಅಮೆರಿಕದಿಂದ ಬಂದಿದ್ದ ಹೆಲೆನ್ ಮಾರ್ಷ್. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಸಮುದ್ರಕ್ಕೆ ಬಿದ್ದ ವಿಮಾನದೊಳಗೆ, ಅದರ ಪೈಲಟ್ ಆಗಿದ್ದ ಅವಳ ತಂದೆಯ ತಲೆಬುರುಡೆ ಇರುವುದನ್ನು ಮುಳುಗುಗಾರರು ಹಿಂದಿನ ತಿಂಗಳು ಕಂಡಿದ್ದರು. ನಿನ್ನೆ ಮೇಲೆತ್ತಲು ಇಳಿದಾಗ ಅದು ಅಲ್ಲಿರಲಿಲ್ಲ. ಹುಟ್ಟುವ ಮೊದಲೇ ಅಪ್ಪನನ್ನು ಕಳೆದುಕೊಂಡವಳು. ಅಮೆರಿಕದಲ್ಲಿ ಮುದುಕಿ ತಾಯಿ ಇನ್ನೂ ಕಾಯುತ್ತಿದ್ದಳು.

ಇನ್ಸ್‌ಪೆಕ್ಟರ್ ಹಿಲ್ಡನ್ ಪಿಟು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಜಿಲುವಿನೊಂದಿಗೆ ದೋಣಿ ಹತ್ತಿದ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತಾನೇ ಕೆಳಗಿಳಿದ. ವಿಮಾನ ಹವಳ ಹೊದ್ದು ಮಲಗಿತ್ತು. ಪೈಲಟ್ ಕೂರುವ ಜಾಗದಲ್ಲಿ ಪಿಸ್ತೂಲು, ದಿಕ್ಸೂಚಿ ಎಲ್ಲ ಇದ್ದ ಹಾಗೇ ಇದ್ದವು.

"ಮಾರೋಕೆ ಕದ್ದಿರ್ತಾರೆ ಸಾರ್," ಎಂದ ಜಿಲು.

"ಮಾರೋನು ಪಿಸ್ತೂಲು ಬಿಟ್ಟು ಬುರುಡೆ ಒಯ್ತಾನೇನೋ? ನಡಿ, ಊರಿಗೆ."

ಅಂದು ಟ್ಯೂನಾ ಮೀನಿನ ಹಿಂಡು ಬಂದಿತ್ತು. ಗಂಡಸರೆಲ್ಲ ಕಡಲ ಮೇಲಿದ್ದರು. ದಡದಲ್ಲಿ ಒಂದೇ ಒಂದು ದೋಣಿ ಕವುಚಿ ಹಾಕಿತ್ತು.

"ಯಾರದ್ದು?"

"ಎಸಾವು ತಾತಂದು ಸಾರ್. ಸಿಲಿಂಡರ್ ಇಲ್ದೆ ಅವರಷ್ಟು ಆಳ ಹೋಗೋರು ಈ ಸೀಮೇಲೇ ಇಲ್ಲ."

"ಹುಷಾರಿಲ್ವಾ?"

"ಬೆಳಿಗ್ಗೆ ತೆಂಗಿನಮರ ಹತ್ತಿದ್ರಂತೆ."

ಪಿಟುಗೆ ಅಷ್ಟೇ ಸಾಕಾಯಿತು. ಈ ಸೀಮೆಯ ಕಟ್ಟಳೆಯಂತೆ, ಸತ್ತವರ ಎಲುಬು ಮುಟ್ಟಿದವನು ಅಮಾವಾಸ್ಯೆ ಕಳೆಯುವ ತನಕ ಮೀನು ಮುಟ್ಟುವಂತಿಲ್ಲ. ಮುಟ್ಟಿದರೆ ಇಡೀ ಊರಿನ ಬಲೆ ಬರಿದಾಗುತ್ತದೆ. ಕಾನೂನು ಮುರಿದವನು ಈ ಕಟ್ಟಳೆ ಮುರಿದಿರಲಿಲ್ಲ. ನಮ್ಮ ಜನ ಹಾಗೆಯೇ.

ಎಸಾವು ಜಗಲಿಯಲ್ಲಿ ಸುಟ್ಟ ಗೆಣಸು ತಿನ್ನುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿಯವನಲ್ಲ.

"ತಾತ, ಮೀನು ಬಿಟ್ರಾ?"

"ಗೊತ್ತಿದ್ದೂ ಕೇಳ್ತೀಯಲ್ಲೋ. ನಿಮ್ಮಮ್ಮ ನಿಂಗೇನೂ ಕಲಿಸ್ಲಿಲ್ವಾ?"

"ಬುರುಡೆ ಎಲ್ಲಿ?"

"ಇರಬೇಕಾದ ಕಡೆ ಇದೆ."

ಹೆಲೆನ್‌ಳನ್ನೂ ಕರೆಸಿಕೊಂಡು, ಎಸಾವು ದಾರಿ ತೋರಿಸಿದಂತೆ ಮಧ್ಯಾಹ್ನ ಎರಡಕ್ಕೆ ಎದುರಿನ ಪುಟ್ಟ ದ್ವೀಪ ತಲುಪಿದರು. ಹವಳದ ಕಲ್ಲಿನ ಗುಡಿಯಲ್ಲಿ ಊರಿನ ಹಳೆಯ ಮುಖ್ಯಸ್ಥರ ಬುರುಡೆಗಳು ಸಾಲಾಗಿದ್ದವು. ನಟ್ಟನಡುವೆ ಪೈಲಟ್‌ನದು. ಮುಂದೆ ಮುಖ್ಯಸ್ಥರಿಗಷ್ಟೇ ಸಲ್ಲುವ ಬಿಳಿ ಚಿಪ್ಪಿನ ಬಳೆ. ಮೇಲ್ದವಡೆಯ ಚಿನ್ನದ ಹಲ್ಲು ಹೆಲೆನ್ ತಂದಿದ್ದ ನಗುಮುಖದ ಫೋಟೊಗೆ ಹೊಂದಿತು. ಜಿಲು ಟೋಪಿ ತೆಗೆದು ಪಂಚನಾಮೆ ಬರೆದ.

"ಯಾಕೆ ತೆಗೆದ್ರಿ?" ಪಿಟು ಕೇಳಿದ.

"ಉರಿಯೋ ವಿಮಾನ ನಮ್ಮೂರ ಮೇಲೇ ಬರ್ತಿತ್ತು. ಈ ಪುಣ್ಯಾತ್ಮ ತಿರುಗಿಸಿ ನೀರಿಗೆ ಹಾಕ್ದ. ನಾನಾಗ ಏಳು ವರ್ಷದವ, ಅಮ್ಮನ ಸೊಂಟ ಹಿಡ್ಕೊಂಡು ನೋಡ್ದೆ. ಊರು ಉಳಿಸೋನೇ ಮುಖ್ಯಸ್ಥ. ನೀವು ಪೆಟ್ಟಿಗೆಗೆ ತುಂಬ್ತೀವಿ ಅಂದ್ರಿ. ಪೆಟ್ಟಿಗೆಗೆ ತುಂಬೋ ತಲೇನಾ ಅದು?"

ಪಿಟು ಹೆಲೆನ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವಳು ತುಂಬ ಹೊತ್ತು ಅತ್ತಳು. ಆಮೇಲೆ, "ಅಮ್ಮ ಕಾಯ್ತಿದ್ದಾಳೆ ಅಂತ ಅವರಿಗೆ ಹೇಳಿ," ಎಂದಳು.

ಪಿಟು ಹೇಳಿದ್ದು ಕೇಳಿ ಎಸಾವು ತಲೆದೂಗಿದ. ಪೈಲಟ್‌ನ ಹೆಂಡತಿ ಬದುಕಿರುವುದು ಅವನಿಗೆ ಗೊತ್ತಿರಲಿಲ್ಲ. ತಾನೇ ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹೆಲೆನ್ ಮಡಿಲಿಗಿಟ್ಟ, ಬಳೆಯನ್ನೂ ಅದರ ಜೊತೆಗೇ.

ಮೂರು ಗಂಟೆಗೆ ಪಿಟು ಅವನನ್ನು ಬಂಧಿಸಿದ. ಕೋಳ ಹಾಕಲಿಲ್ಲ. ತನ್ನ ಸೀಮೆಯ ಆ ಮುದುಕನ ಬಗ್ಗೆ ಅವನಿಗೆ ಎದೆ ತುಂಬುವಷ್ಟು ಹೆಮ್ಮೆಯಿತ್ತು. ಹೊರಡುವಾಗ ಹೆಲೆನ್ ಚಿಪ್ಪಿನ ಬಳೆಯನ್ನು ಹಿಂದಿರುಗಿಸಲು ಹೋದಳು. ಅದು ಎಸಾವುವಿನ ಮನೆತನದಲ್ಲಿ ಉಳಿದಿದ್ದ ಒಂದೇ ಬಳೆ.

"ಇಟ್ಕೋ ಮಗಳೇ," ಎಂದ ಎಸಾವು. "ಇಷ್ಟು ವರ್ಷದ ಮೇಲೆ ನಿನ್ನಪ್ಪ ಹೆಂಡತಿ ಹತ್ರ ಹೋಗ್ತಿದ್ದಾನೆ. ಬರಿಗೈಲಿ ಹೋಗಬಾರ್ದು."