ಕಲ್ಲೇಶ, ಕೊಂಡಾಪುರ

"ನಮ್ಮವ್ರು ಅಂಥಾವ್ರಲ್ಲರಿ," ಎಂದಿದ್ದ ಕಲ್ಲೇಶ, ಮೊದಲ ಭೇಟಿಯಲ್ಲೇ.

"ಅಂಥಾವ್ರು ಅಂದ್ರ ಎಂಥಾವ್ರು?" ಎಂದು ಶಿವದೇವಿ ಕೇಳಿದ್ದಕ್ಕೆ ಅವನ ಕಿವಿ ಕೆಂಪಾಗಿತ್ತು.

ಹೈದರಾಬಾದಿನ ಕೊಂಡಾಪುರದಲ್ಲಿ ಆಗ ಎತ್ತ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದು ಸೈಟಿಗೆ ಕಲ್ಲೇಶ ಸೂಪರ್‌ವೈಸರ್. ಗುಲ್ಬರ್ಗಾ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಗಂಡಸರೆಲ್ಲ ಅವನ ಕೈಕೆಳಗೆ. ಶಿವದೇವಿಯದು ಲೈಂಗಿಕ ರೋಗಗಳ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯಲ್ಲಿ ಕೆಲಸ. ಇಂಥ ಕಾಯಿಲೆ ಬಂದಾಗ ಕೂಲಿಕಾರರು ಡಾಕ್ಟರ ಹತ್ತಿರ ಹೋಗುತ್ತಾರೋ, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ಮನಾಗುತ್ತಾರೋ, ಗೋಡೆಗೆ ಜಾಹೀರಾತು ಅಂಟಿಸುವ ನಕಲಿ ವೈದ್ಯರ ಕೈಗೆ ಸಿಗುತ್ತಾರೋ ಎಂದು ಅವಳು ಒಬ್ಬೊಬ್ಬರನ್ನೇ ಕೇಳಬೇಕು. ಅವಳು ಆ ಊರಲ್ಲೇ ಹುಟ್ಟಿ ಬೆಳೆದವಳು, ಆದರೆ ಮನೆಮಾತು ಕನ್ನಡ. ನಿಮ್ಮವರ ಜೊತೆ ನೀವೇ ಮಾತಾಡಿ ಎಂದು ಸಂಸ್ಥೆಯವರು ಅವಳನ್ನೇ ಕಳಿಸಿದ್ದರು.

ಕಲ್ಲೇಶ ಮೂಗು ಮುರಿದೇ ಒಪ್ಪಿಕೊಂಡ. ಆದರೆ ಅವಳು ಬರುವ ದಿನ ಚಹಾ ತಾನಾಗಿ ಬರುತ್ತಿತ್ತು, ಕೂರಲು ಸಿಮೆಂಟು ಮೆತ್ತದ ಕುರ್ಚಿಯೊಂದು ಎಲ್ಲಿಂದಲೋ ಸಿಗುತ್ತಿತ್ತು. ಅವಳು ತಲೆ ಎತ್ತಿದರೆ ಅವನು ತಟ್ಟನೆ ಕಂಬದ ಕಡೆ ನೋಡುತ್ತಿದ್ದ. ಆ ಕಂಬದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವಳಿಗೆ ಒಳಗೊಳಗೇ ನಗು, ಒಳಗೊಳಗೇ ಖುಷಿ.

ಒಂದು ಸಂಜೆ ಬಸ್ ಸ್ಟಾಪಿನವರೆಗೂ ಬಂದವನು, ಅವ್ವನನ್ನು ಕರೆದುಕೊಂಡು ನಿಮ್ಮ ಮನೆಗೆ ಬರಲೇನು ಎಂದು ಕೇಳಿಯೇ ಬಿಟ್ಟ. ಅವಳು ದಸರಾ ಮುಗಿಯಲಿ, ಹೇಳುತ್ತೇನೆ ಎಂದಳು. ಮನಸ್ಸು ಆಗಲೇ ಹೂಂ ಅಂದಿತ್ತು. ತಡೆದದ್ದು ಅಕ್ಕನ ನೆನಪು.

ಅಕ್ಕ ಸುವರ್ಣಾಳ ಗಂಡ ಒಳ್ಳೆಯ ನೌಕರಿಯವನು, ಮಾತಿನಲ್ಲಿ ಬೆಣ್ಣೆ. ಮದುವೆಗೆ ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಅಕ್ಕನಿಗೂ ದಾಟಿಸಿದ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಈಗ ಅತ್ತೆಮನೆಯವರು ಅವಳನ್ನೇ ಬಂಜೆ ಎನ್ನುತ್ತಾರೆ, ಅವನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಾನೆ. ಅಂದಿನಿಂದ ಶಿವದೇವಿಗೆ ಗಂಡಸರ ಒಳ್ಳೆಯ ಮಾತು ಕೇಳಿದರೇ ಅನುಮಾನ.

ಹೀಗಿರುವಾಗ ನಗರದ ಇನ್ನೊಂದು ಭಾಗದ ಮೆಹದಿಪಟ್ಟಣಂನಲ್ಲಿ ಆ ಹೆಸರು ಕೇಳಿಸಿತು.

ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಸಂಸ್ಥೆಯದೊಂದು ಕ್ಲಿನಿಕ್ ಇತ್ತು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಕೊಂಡಾಪುರದವರೆಲ್ಲ ಅಷ್ಟು ದೂರ ಬರುತ್ತಿದ್ದರು. ಶಿವದೇವಿ ಒಳಕೋಣೆಯಲ್ಲಿ ಒಬ್ಬನನ್ನು ಮಾತಾಡಿಸುತ್ತಿದ್ದಳು. ಹೊರಗಿನಿಂದ ನರ್ಸ್ ಸುಮಂಗಲಾ ಕೂಗಿದಳು: "ಕಲ್ಲೇಶ, ಕೊಂಡಾಪುರ!"

ಶಿವದೇವಿಯ ಪೆನ್ನು ನಿಂತಿತು. ಹೊರಗೆ ಬಂದು ನೋಡುವಷ್ಟರಲ್ಲಿ ಡಾಕ್ಟರ ಬಾಗಿಲು ಮುಚ್ಚಿತ್ತು.

ಕ್ಲಿನಿಕ್ಕಿನಲ್ಲಿ ಕೇಳಿದ್ದನ್ನು ಹೊರಗೆ ಬಾಯಿ ಬಿಡುವಂತಿಲ್ಲ, ಅದು ಅವಳ ಕೆಲಸದ ಮೊದಲ ನಿಯಮ. ಸುಮಂಗಲಾಳನ್ನು ಕೇಳುವ ಹಾಗಿಲ್ಲ, ಅವನನ್ನೂ ಕೇಳುವ ಹಾಗಿಲ್ಲ. ಕಲ್ಲೇಶ ಎಂಬ ಹೆಸರು ಎಷ್ಟು ಜನಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡು ಸಂಜೆ ರಸ್ತೆಗಿಳಿದರೆ, ಎದುರಿನ ಸ್ಟಾಪಿನಲ್ಲಿ ಅವನೇ ನಿಂತಿದ್ದ. ಅವಳನ್ನು ಕಂಡವನೇ ಕೈಯಲ್ಲಿದ್ದ ಔಷಧಿಯ ಪೊಟ್ಟಣವನ್ನು ಅಂಗಿಯೊಳಗೆ ತುರುಕಿದ.

"ಚಪ್ಪಲಿ ತಗೊಳ್ಳಾಕ ಬಂದಿದ್ದೆರಿ," ಎಂದ. ಕೈಯಲ್ಲಿ ಚಪ್ಪಲಿಯ ಡಬ್ಬಿ ಇರಲಿಲ್ಲ.

ಅಂದಿನಿಂದ ಅವಳು ಸೈಟಿನಲ್ಲಿ ಚಹಾ ಬೇಡ ಎಂದಳು. ಅವನ ಫೋನು ಬಂದರೆ ಮೀಟಿಂಗ್ ಎಂದಳು. ರಾತ್ರಿ ದಿಂಬು ಒದ್ದೆಯಾಗುತ್ತಿತ್ತು, ಬೆಳಿಗ್ಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತನ್ನ ಮೇಲೆಯೇ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ನೋಡಬೇಕೆನಿಸುತ್ತಿತ್ತು, ಅದೇ ಸಂಕಟ.

ದಸರಾ ಹತ್ತಿರ ಬಂತು. ಒಂದು ದಿನ ಅವಳು ಬೇಕೆಂದೇ ಒಳಕೋಣೆ ಬಿಟ್ಟು ಕ್ಲಿನಿಕ್ಕಿನ ಹಾಲಿನಲ್ಲಿ ಕೂತಳು. ಸುಮಂಗಲಾ ಕೂಗಿದಳು: "ಕಲ್ಲೇಶ, ಕೊಂಡಾಪುರ!"

ಬೆಂಚಿನಿಂದ ಮೂವರು ಒಟ್ಟಿಗೇ ಎದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೂವರೂ ಒಟ್ಟಿಗೇ ಕೂತರು.

"ಅಲ್ಲಾ, ಕೊಂಡಾಪುರದಾಗ ಬ್ಯಾರೆ ಹೆಸರ ಇಲ್ಲೇನ್ರಿ?" ಎಂದು ಬೀದರಿನ ಸುಮಂಗಲಾ ಹಣೆ ಚಚ್ಚಿಕೊಂಡಳು.

ಮೂವರೂ ಅದೇ ಸೈಟಿನವರು. ಮೂವರಲ್ಲಿ ಯಾರೂ ಕಲ್ಲೇಶನಲ್ಲ. ಶಿವದೇವಿ ಎದ್ದು ಹೊರಟಳು. ಅವರನ್ನು ಕರೆತಂದವನು ಎಲ್ಲಿ ಕಾಯುತ್ತಿರುತ್ತಾನೆಂದು ಈಗ ಅವಳಿಗೆ ಗೊತ್ತಿತ್ತು.

ಎದುರಿನ ಸ್ಟಾಪಿನಲ್ಲಿ ಕಲ್ಲೇಶ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ.

"ಚಪ್ಪಲಿ ಸಿಕ್ಕವೇನ್ರಿ?"

ಅವನು ಸಿಮೆಂಟು ಮೆತ್ತಿದ ಹಳೆಯ ಚಪ್ಪಲಿಗಳನ್ನು ನೋಡಿಕೊಂಡ. ಒಳಗೆ ಮೂವರು ಕಲ್ಲೇಶರು ಎದ್ದು ನಿಂತರೆಂದು ಅವಳು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ.

"ಹೆಸರ ಕೇಳ್ತಾರಂತ ಬಾಗಲದಿಂದನ ವಾಪಸ್ ಬರ್ತಿದ್ರು. ನಂದ ಹೇಳ್ರಿ ಅಂದೆ," ಎಂದ. "ಯಾರು, ಏನು ಅಂತ ಮಾತ್ರ ಕೇಳಬ್ಯಾಡ್ರಿ."

ಶೆಡ್ಡಿನಲ್ಲಿ ಹತ್ತಾರು ಜನ ಒಟ್ಟಿಗೆ ಮಲಗುವುದರಿಂದ ಅವರ ಮಾತ್ರೆಗಳನ್ನೂ ಅವನೇ ಇಟ್ಟುಕೊಳ್ಳುತ್ತಿದ್ದ. ತನಗೇಕೆ ಹೇಳಲಿಲ್ಲ ಎಂದು ಅವಳು ರೇಗಿದಳು.

"ನಮ್ಮವ್ರು ಅಂಥಾವ್ರಲ್ಲ ಅಂತ ದೊಡ್ಡದಾಗಿ ಹೇಳಿದ್ದೆನಲ್ರಿ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಆದರೂ ಮನಸ್ಸು ಪೂರ್ತಿ ಬಿಟ್ಟುಕೊಡಲಿಲ್ಲ. ಅಕ್ಕನ ಕಥೆಯನ್ನೆಲ್ಲ ಹೇಳಿದಳು. ಅವನು ಕಡಲೆಕಾಯಿ ಬದಿಗಿಟ್ಟು ಕೇಳಿದ.

"ನಿಮ್ಮ ಮ್ಯಾಲಿನ ಡೌಟ್ ಹೋಗೇತಿ," ಎಂದಳು. "ನನ್ನ ಅಂಜಿಕಿ ಹೋಗಿಲ್ಲ."

"ಹಂಗಾದ್ರ ನಡೀರಿ, ಈಗ ಟೆಸ್ಟಿಗೆ ರಕ್ತ ಕೊಡ್ತೀನಿ," ಎಂದು ಅವನು ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿದ. "ನೀವೂ ಕೊಡ್ರಿ. ಡೌಟ್ ನಿಮಗಷ್ಟ ಬರಬೇಕೇನು?"

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಯಾರೋ ಸಾಫ್ಟ್‌ವೇರ್ ವರ ಸಿಕ್ಕಿರಬೇಕು, ಅದಕ್ಕೇ ಚಹಾ ಬೇಡ ಎನ್ನುತ್ತಿದ್ದಾಳೆ ಎಂದು ತಾನೂ ಒದ್ದಾಡಿದ್ದನ್ನು ಅವನು ರಸ್ತೆ ದಾಟುತ್ತಲೇ ಹೇಳಿಕೊಂಡ. ಅವಳು ಜೋರಾಗಿ ನಕ್ಕಳು. ಅದೆಷ್ಟೋ ದಿನಗಳ ನಂತರ ಎದೆ ಹಗುರಾಯಿತು.

ಕ್ಲಿನಿಕ್ಕಿನ ಕಿಟಕಿಯಲ್ಲಿ ಸುಮಂಗಲಾ ಹೆಸರು ಕೇಳಿದಳು.

"ಕಲ್ಲೇಶ."

"ಎಲ್ಲಿಂದ?"

"ಕೊಂಡಾಪುರ."

ಸುಮಂಗಲಾ ಪೆನ್ನು ಕೆಳಗಿಟ್ಟಳು. "ಖರೇ ಹೆಸರ ಹೇಳ್ರಿ."

"ಇದ ಖರೇ ಐತ್ರಿ."

"ಎಲ್ಲಾರೂ ಹಂಗ ಅಂತಾರ."

ಕಲ್ಲೇಶ ದಿಕ್ಕು ತೋಚದೆ ಹಿಂದೆ ನೋಡಿದ. ಊರವರಿಗೆಲ್ಲ ಹಂಚಿದ ಹೆಸರು ಈಗ ಅವನಿಗೇ ಉಳಿದಿರಲಿಲ್ಲ. ಶಿವದೇವಿ ಮುಂದೆ ಬಂದು ಅವನ ಪಕ್ಕದಲ್ಲಿ ನಿಂತಳು.

"ಇವ್ರು ಖರೇನ ಕಲ್ಲೇಶರಿ, ಸಿಸ್ಟರ್. ನಮ್ಮವ್ರು."

"ಇಲ್ಲಿ ಬರೋರೆಲ್ಲಾ ನಮ್ಮವ್ರ ಅದಾರಲ್ಲ," ಎಂದಳು ಸುಮಂಗಲಾ, ಅನುಮಾನದಿಂದಲೇ.

ಈ ಸಲ ಕೆಂಪಾದದ್ದು ಶಿವದೇವಿಯ ಕಿವಿ.

"ಅಂಥಾ ನಮ್ಮವ್ರಲ್ಲರಿ," ಎಂದಳು. "ಐತವಾರ ಅವ್ವನ್ನ ಕರ್ಕೊಂಡು ನಮ್ಮ ಮನಿಗೆ ಬರೋ ನಮ್ಮವ್ರು."

ಕಲ್ಲೇಶ ಈಗ ಯಾವ ಕಂಬದ ಕಡೆಗೂ ನೋಡಲಿಲ್ಲ, ಅವಳನ್ನೇ ನೋಡುತ್ತಾ ನಿಂತ. ಸುಮಂಗಲಾ ಪೆನ್ನು ಎತ್ತಿಕೊಂಡು ಮೊದಲು ಅವನ ಹೆಸರು, ಅದರ ಕೆಳಗೆ ಅವಳ ಹೆಸರು ಬರೆದಳು.